ಬೊಂಬಾಯಿಯ ಕೋಣೆಯಿಂದ ಮನಾಮದ ಕೋಣೆಗೆ: ಬಹರೈನಿನಲ್ಲಿ ಕನ್ನಡಿಗರ ಉದ್ಯೋಗಾನ್ವೇಷಣೆಯ ಒಂದು ಚಾರಿತ್ರಿಕ ನೋಟ

'ಉದ್ಯೋಗಂ ಪುರುಷಲಕ್ಷಣಂ' ಎಂಬ ಮಾತನ್ನು ನಮ್ಮ ಹಿರಿಯರು ಬಾಯಿತುಂಬ ಹೇಳುತ್ತಿದ್ದರು. ಆ ಉದ್ಯೋಗವನ್ನು ಹುಡುಕುವ ಬಗೆ ಹೇಗೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಸಂಘದ ಸಂಸ್ಥಾಪನಾ ದಿನದ ಸ್ಮರಣ ಸಂಚಿಕೆ ಎಂದೊಡನೆ ನಮ್ಮಲ್ಲಿ ಆಡಿದ ನಾಟಕ, ಕುಣಿದ ಯಕ್ಷಗಾನ, ಆಚರಿಸಿದ ರಾಜ್ಯೋತ್ಸವಗಳ ನೆನಪು ಉಕ್ಕುವುದು ಸಹಜ. ಆದರೆ ನಾವಾರೂ ಈ ದ್ವೀಪಕ್ಕೆ ನಾಟಕವಾಡಲೆಂದು ಬಂದವರಲ್ಲ. ಹೊಟ್ಟೆಪಾಡನ್ನು ಅರಸಿ ಬಂದವರು. ಬಂದ ಮೇಲೆ ಕನ್ನಡವನ್ನು ಬಿಡಲಾರದೆ ಸಂಘ ಕಟ್ಟಿಕೊಂಡವರು. ಹೀಗಿರುವಾಗ, ಬಂದದ್ದು ಹೇಗೆ, ಕೆಲಸ ದೊರಕಿದ್ದು ಯಾರ ಮೂಲಕ, ಆ ದಾರಿ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದೂ ನಮ್ಮ ಸಂಘದ ಚರಿತ್ರೆಯ ಒಂದು ಭಾಗವೇ ಆಗಿದೆ.

ವೃತ್ತಿಯಿಂದ ವೈದ್ಯರಾದ ನಾವು ಇತಿಹಾಸಕಾರರಲ್ಲ. ಆದರೆ ರೋಗಿಯ ಪೂರ್ವವೃತ್ತಾಂತವನ್ನು ಕೇಳದೆ ಔಷಧಿ ಬರೆಯಬಾರದೆಂಬುದು ಎಂ.ಬಿ.ಬಿ.ಎಸ್. ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲೊಂದು. ಇಂದು ಕೆಲಸ ಹುಡುಕಿಕೊಂಡು ಬರುವ ನಮ್ಮ ನಾಡಿನ ತರುಣ ತರುಣಿಯರ ಕಷ್ಟವನ್ನು ಅರಿಯಬೇಕಾದರೂ ಅದೇ ಕ್ರಮವನ್ನು ಅನುಸರಿಸುವುದು ಒಳ್ಳೆಯದು.

ಮುತ್ತಿನ ಕಾಲ, ರೂಪಾಯಿಯ ಕಾಲ

ಎಣ್ಣೆಗಿಂತ ಮೊದಲು ಬಹರೈನಿನ ಸಂಪತ್ತು ಮುತ್ತು. ಆ ಮುತ್ತಿಗೆ ದೊಡ್ಡ ಮಾರುಕಟ್ಟೆ ಬೊಂಬಾಯಿ. ಸಿಂಧ್ ಪ್ರಾಂತದ ಥಟ್ಟಾದಿಂದ ಬಂದ ಭಾಟಿಯಾ ವರ್ತಕರು ಇಲ್ಲಿ ಅಂಗಡಿ ಇಟ್ಟು ವ್ಯಾಪಾರ ಮಾಡುತ್ತಿದ್ದರು. ಮನಾಮದ ಶ್ರೀನಾಥಜಿ ದೇವಸ್ಥಾನ 1817ರಷ್ಟು ಹಳೆಯದೆಂಬುದನ್ನು ನೆನೆದರೆ ಭಾರತಕ್ಕೂ ಈ ದ್ವೀಪಕ್ಕೂ ಇರುವ ನಂಟಿನ ಪ್ರಾಯ ತಿಳಿಯುತ್ತದೆ. 1862ರಿಂದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಬೊಂಬಾಯಿಯಿಂದ ಕರಾಚಿಯ ಮೂಲಕ ಕೊಲ್ಲಿಯ ಬಂದರುಗಳಿಗೆ ಓಡಾಡತೊಡಗಿದವು. 1920ರಲ್ಲಿ ಇಲ್ಲಿ ತೆರೆದ ಮೊದಲ ಬ್ಯಾಂಕು ಈಸ್ಟರ್ನ್ ಬ್ಯಾಂಕ್. 1933ರಲ್ಲಿ ಬಹರೈನಿನ ಅಂಚೆ ಕಚೇರಿಯಲ್ಲಿ ಮಾರುತ್ತಿದ್ದ ಅಂಚೆಚೀಟಿ ಭಾರತದ್ದೇ; ಅದರ ಮೇಲೆ 'ಬಹರೈನ್' ಎಂದು ಅಚ್ಚೊತ್ತಿರುತ್ತಿತ್ತು, ಅಷ್ಟೇ. ಇಲ್ಲಿನ ಪೇಟೆಯಲ್ಲಿ ಓಡುತ್ತಿದ್ದ ನಾಣ್ಯವೂ ರೂಪಾಯಿಯೇ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿಸಿತು. 1965ರಲ್ಲಿ 10 ರೂಪಾಯಿಗೆ 1 ದಿನಾರಿನಂತೆ ಬಹರೈನ್ ತನ್ನದೇ ನಾಣ್ಯವನ್ನು ಚಲಾವಣೆಗೆ ತರುವವರೆಗೂ ಈ ವ್ಯವಸ್ಥೆ ಇತ್ತು.

ಇದನ್ನೆಲ್ಲ ಇಲ್ಲಿ ಹೇಳಲು ಕಾರಣವಿದೆ. ಹಡಗು, ಅಂಚೆ, ಬ್ಯಾಂಕು, ನಾಣ್ಯ ಇವೆಲ್ಲದರ ಬೇರು ಬೊಂಬಾಯಿಯಲ್ಲಿದ್ದುದರಿಂದ ಬಹರೈನಿನ ಕೆಲಸದ ಬಾಗಿಲೂ ಬೊಂಬಾಯಿಯಲ್ಲೇ ಇತ್ತು. ಉಡುಪಿಯಲ್ಲೋ ಕುಂದಾಪುರದಲ್ಲೋ ಕೂತು ಬಹರೈನಿನ ಕೆಲಸಕ್ಕೆ ಅರ್ಜಿ ಹಾಕುವುದು ಬಲು ಕಷ್ಟದ ಮಾತಾಗಿತ್ತು. ಮೊದಲು ಬೊಂಬಾಯಿ ಮುಟ್ಟಬೇಕು. ಅಲ್ಲಿಂದ ಮುಂದೆ ಸಮುದ್ರ.

ಎಣ್ಣೆ ಬಂತು, ಗುಮಾಸ್ತ ಬಂದ

1931ರ ಅಕ್ಟೋಬರಿನಲ್ಲಿ ಜಬಲ್ ದುಖಾನ್ ಗುಡ್ಡದ ಬಳಿ ಕೊರೆಯಲಾರಂಭಿಸಿದ ಮೊದಲ ಬಾವಿಯಲ್ಲಿ 1932ರ ಜೂನ್ 1ರಂದು ಎಣ್ಣೆ ಚಿಮ್ಮಿತು. ಜಪಾನಿನ ಸಾಕು ಮುತ್ತು ಮತ್ತು ಜಗತ್ತಿನ ಆರ್ಥಿಕ ಕುಸಿತ ಎರಡೂ ಸೇರಿ ಮುತ್ತಿನ ವ್ಯಾಪಾರದ ಬೆನ್ನು ಮುರಿದಿದ್ದ ಹೊತ್ತಿಗೆ ಸರಿಯಾಗಿ ಎಣ್ಣೆ ಕೈಹಿಡಿಯಿತು. ಕಂಪನಿಯ ಒಡೆತನ ಅಮೆರಿಕನ್ನರದು, ರಾಜಕೀಯ ಹಿಡಿತ ಬ್ರಿಟಿಷರದು. ಆದ್ದರಿಂದ ಸಾಧ್ಯವಾದಷ್ಟು ಮಟ್ಟಿಗೆ ಸ್ಥಳೀಯರನ್ನು ಇಲ್ಲವೇ ಬ್ರಿಟಿಷ್ ಪ್ರಜೆಗಳನ್ನು ಕೆಲಸಕ್ಕಿಟ್ಟುಕೊಳ್ಳಬೇಕೆಂಬ ಷರತ್ತು ಬಾಪ್ಕೋ ಕಂಪನಿಗೆ ಅನ್ವಯವಾಯಿತು. ಆಗ ಭಾರತೀಯರೂ ಬ್ರಿಟಿಷ್ ಪ್ರಜೆಗಳೇ. ಗುಲಾಮಗಿರಿಯ ಆ ಹಣೆಪಟ್ಟಿಯೇ ಇಲ್ಲಿ ನಮ್ಮವರಿಗೆ ಅರ್ಹತಾ ಪತ್ರವಾದದ್ದು ಚರಿತ್ರೆಯ ಒಂದು ವಿನೋದ.

1936ರಲ್ಲಿ ಎಣ್ಣೆ ಶುದ್ಧೀಕರಣ ಕಾರ್ಖಾನೆ ಆರಂಭವಾದ ಮೇಲೆ ಬೇಕಾದ ಜನರ ಬಗೆಯೂ ಬದಲಾಯಿತು. ಗುಮಾಸ್ತರು, ಬೆರಳಚ್ಚುಗಾರರು, ಲೆಕ್ಕಪತ್ರ ಬರೆಯುವವರು, ಉಗ್ರಾಣ ನೋಡಿಕೊಳ್ಳುವವರು, ಫಿಟ್ಟರುಗಳು, ಎಲೆಕ್ಟ್ರಿಷಿಯನ್ನರು ಬೇಕಾದರು. ಇಂಗ್ಲಿಷಿನಲ್ಲಿ ಒಂದು ಪತ್ರವನ್ನು ತಪ್ಪಿಲ್ಲದೆ ಟೈಪು ಮಾಡಬಲ್ಲವನಿಗೆ ಬೆಲೆ ಬಂತು. ಎಸ್ಸೆಸ್ಸೆಲ್ಸಿ, ಅದರ ಮೇಲೆ ಟೈಪಿಂಗು, ಅದರ ಮೇಲೆ ಶಾರ್ಟ್‌ಹ್ಯಾಂಡು ಎಂಬ ಮೂರು ಮೆಟ್ಟಿಲನ್ನು ನಮ್ಮ ಕರಾವಳಿಯ ಎರಡು ತಲೆಮಾರು ಹತ್ತಿದ್ದು ಇದೇ ಕಾರಣಕ್ಕೆ. ಕೈಕೆಲಸ ಬಲ್ಲವರಿಗೂ ನಮ್ಮಲ್ಲಿ ಕೊರತೆ ಇರಲಿಲ್ಲ. ಬಾಸೆಲ್ ಮಿಷನ್ನಿನವರು 19ನೇ ಶತಮಾನದಲ್ಲೇ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ, ಮುದ್ರಣಾಲಯ, ಯಂತ್ರದ ಕಾರ್ಯಾಗಾರಗಳನ್ನು ನಡೆಸಿ ಕಸುಬು ಕಲಿಸಿದ್ದರು. 1946ರಲ್ಲಿ ಮಂಗಳೂರಿಗೆ ಕರ್ನಾಟಕ ಪಾಲಿಟೆಕ್ನಿಕ್ ಬಂತು.

ಬೊಂಬಾಯಿ ಎಂಬ ಪಾಠಶಾಲೆ

ಊರಿನಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗ ಬೊಂಬಾಯಿಗೆ ಬಂದರೆ ಅವನಿಗೆ ಮೊದಲು ಸಿಗುತ್ತಿದ್ದುದು ಉಡುಪಿ ಹೋಟೆಲಿನ ಮೇಜು ಒರೆಸುವ ಕೆಲಸ. ಅನ್ನ ಮತ್ತು ಮಲಗುವ ಜಾಗ ಅಲ್ಲೇ ಆಗುತ್ತಿತ್ತು. ಸಂಜೆ ಬಿಡುವು ಸಿಕ್ಕರೆ ರಾತ್ರಿ ಶಾಲೆ. ನಮ್ಮವರ ಸಂಘಗಳು, ಜಾತಿ ಸಂಘಗಳೂ ಸೇರಿದಂತೆ, ಬೊಂಬಾಯಿಯಲ್ಲಿ ಇಂತಹ ರಾತ್ರಿ ಶಾಲೆಗಳನ್ನು ನಡೆಸಿದವು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಹೆಸರನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು. ಹಗಲು ತಟ್ಟೆ ಎತ್ತಿ ರಾತ್ರಿ ಪುಸ್ತಕ ಹಿಡಿದ ಆ ಹುಡುಗರಲ್ಲಿ ಕೆಲವರು ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಕೋಟೆ ಪ್ರದೇಶದ ಕಚೇರಿಗಳಿಗೆ ಸೇರಿದರು. ಅಲ್ಲಿಂದ ಕೊಲ್ಲಿ ನಾಡು ಒಂದೇ ಹೆಜ್ಜೆ.

ಆ ಒಂದು ಹೆಜ್ಜೆ ಇಡಲು ಬೇಕಾದದ್ದು ಎರಡು ಸಾಧನ. ಒಂದು, ಪತ್ರಿಕೆಯ 'ಬೇಕಾಗಿದ್ದಾರೆ' ಕಾಲಮ್ಮು. ಎರಡನೆಯದು, ಹೆಚ್ಚು ಬಲವಾದದ್ದು, ಕೋಣೆ. ಒಂದೇ ಊರಿನ ಹತ್ತು ಹನ್ನೆರಡು ಮಂದಿ ಒಂದು ಕೋಣೆಯಲ್ಲಿ ಇರುತ್ತಿದ್ದರು. ಗೋವೆಯವರೂ ಮಂಗಳೂರಿನ ಕ್ರೈಸ್ತ ಬಂಧುಗಳೂ ಇಂತಹ ವಸತಿಯನ್ನು 'ಕುಡ್' ಎಂದು ಕರೆಯುತ್ತಿದ್ದರು. ಕೋಣೆಯ ಒಬ್ಬ ಮನಾಮಕ್ಕೆ ಹೋದನೆಂದರೆ ಉಳಿದವರಿಗೆ ದಾರಿ ತೆರೆಯಿತೆಂದೇ ಅರ್ಥ. ಅವನು ತನ್ನ ಸಾಹೇಬನ ಬಳಿ ಹೋಗಿ, 'ನಮ್ಮ ಊರಿನ ಹುಡುಗನಿದ್ದಾನೆ, ಲೆಕ್ಕದಲ್ಲಿ ಗಟ್ಟಿ, ನಾನು ಜವಾಬ್ದಾರ' ಎನ್ನುತ್ತಿದ್ದ. ಕೆಲವು ತಿಂಗಳಲ್ಲಿ ಎನ್.ಓ.ಸಿ. ಎಂಬ ಕಾಗದ ಅಂಚೆಯಲ್ಲಿ ಬರುತ್ತಿತ್ತು. ಭಾವನಿಂದ ಭಾವಮೈದುನನಿಗೆ, ಅಣ್ಣನಿಂದ ತಮ್ಮನಿಗೆ, ಹೀಗೆ ಸರಪಳಿ ಬೆಳೆಯಿತು. ಬಂದವನು ಮನಾಮದಲ್ಲಿ ಇಳಿದುಕೊಳ್ಳುತ್ತಿದ್ದುದೂ ಅಂತಹದೇ ಇನ್ನೊಂದು ಕೋಣೆಯಲ್ಲಿ.

'ನಾನು ಜವಾಬ್ದಾರ' ಎಂಬ ಆ ಮಾತನ್ನು ಓದುಗರು ಗಮನಿಸಬೇಕು. ಶಿಫಾರಸು ಮಾಡಿದವನ ಮರ್ಯಾದೆ ಬಂದವನ ನಡತೆಗೆ ಕಟ್ಟುಬಿದ್ದಿರುತ್ತಿತ್ತು. ಅವನು ಸಂಬಳದ ಬಗ್ಗೆ ಸುಳ್ಳು ಹೇಳುವಂತಿರಲಿಲ್ಲ, ಊರಿಗೆ ಮುಖ ತೋರಿಸಬೇಕಲ್ಲ! ಬಂದವನೂ ಕೆಲಸಗಳ್ಳನಾಗುವಂತಿರಲಿಲ್ಲ. ಕಾಗದದಲ್ಲಿ ಎಲ್ಲೂ ಬರೆಯದ ಈ ಕರಾರು ಎಷ್ಟೋ ಮನೆಗಳನ್ನು ಕಾಪಾಡಿತು. ಹಾಗೆಂದು ಅದನ್ನು ಹೊಗಳುತ್ತ ಕೂರುವುದೂ ಸರಿಯಲ್ಲ. ಸರಪಳಿಯ ಒಳಗಿದ್ದವರಿಗೆ ಅದು ಏಣಿ, ಹೊರಗಿದ್ದವರಿಗೆ ಬೇಲಿ. ಬೊಂಬಾಯಿಯಲ್ಲಿ ಭಾವನಿಲ್ಲದ ಘಟ್ಟದ ಮೇಲಿನವನಿಗೆ, ಕೋಣೆಯೊಳಗೆ ಜಾಗ ಸಿಗದ ಜಾತಿಯವನಿಗೆ ಬಹರೈನ್ ದೂರದ ಬೆಟ್ಟವಾಗಿಯೇ ಉಳಿಯಿತು. ಬಹರೈನಿನ ಕನ್ನಡಿಗರಲ್ಲಿ ಬಹುಕಾಲ ಕರಾವಳಿಯವರೇ ಹೆಚ್ಚಾಗಿದ್ದುದಕ್ಕೆ ಕಾರಣ ಬುದ್ಧಿಶಕ್ತಿಯಲ್ಲ, ಈ ಸರಪಳಿ.

ಬಿಳಿ ಸಮವಸ್ತ್ರದವರು

ಮೊದಲಿಗೆ ಹೇಳಿದ 'ಪುರುಷಲಕ್ಷಣ'ದ ಮಾತನ್ನು ಇಲ್ಲಿ ಸ್ವಲ್ಪ ತಿದ್ದಬೇಕಾಗುತ್ತದೆ. 1903ರಲ್ಲಿ ಅಮೆರಿಕನ್ ಮಿಷನ್ನಿನವರು ಮನಾಮದಲ್ಲಿ ಆಸ್ಪತ್ರೆ ತೆರೆದರು. ಆಧುನಿಕ ವೈದ್ಯ ಈ ದ್ವೀಪದಲ್ಲಿ ಬೇರುಬಿಟ್ಟದ್ದು ಅಲ್ಲಿ. ಮುಂದೆ ಸರಕಾರಿ ಆಸ್ಪತ್ರೆಗಳು ಬೆಳೆದಂತೆ ಭಾರತದ ದಾದಿಯರಿಗೆ ಬೇಡಿಕೆ ಏರಿತು. ಕೇರಳದವರಷ್ಟು ಸಂಖ್ಯೆಯಲ್ಲಿ ಅಲ್ಲದಿದ್ದರೂ ನಮ್ಮ ಮಂಗಳೂರು ಕಡೆಯ ಹೆಣ್ಣುಮಕ್ಕಳೂ ಬಂದರು. 1880ರಲ್ಲಿ ಫಾದರ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಆರಂಭಿಸಿದ ಸೇವೆ ಆಸ್ಪತ್ರೆಯಾಗಿ, ದಾದಿಯರ ಶಾಲೆಯಾಗಿ ಬೆಳೆದದ್ದರ ಫಲ ಸಮುದ್ರದಾಚೆಗೂ ಸಿಕ್ಕಿತು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಕರಾವಳಿಯಿಂದ ಡಾಕ್ಟರುಗಳೂ ಹೊರಡತೊಡಗಿದರು. 1950ರಲ್ಲಿ ಇಲ್ಲಿ ಇಂಡಿಯನ್ ಸ್ಕೂಲ್ ಆರಂಭವಾಗಿ ಅಧ್ಯಾಪಕಿಯರಿಗೂ ಅವಕಾಶವಾಯಿತು.

ದಾದಿಯರ ಉದ್ಯೋಗಾನ್ವೇಷಣೆ ಗಂಡಸರದಕ್ಕಿಂತ ಬೇರೆ ರೀತಿಯದು. ಅವರ ಕೈಯಲ್ಲಿ ಇದ್ದದ್ದು ಸರ್ಟಿಫಿಕೇಟು, ನೋಂದಣಿ ಮತ್ತು ವಾರ್ಡಿನ ಅನುಭವ. ಭಾವನ ಮಾತಿಗಿಂತ ನರ್ಸಿಂಗ್ ಕೌನ್ಸಿಲಿನ ಮೊಹರು ಅಲ್ಲಿ ಹೆಚ್ಚು ನಡೆಯುತ್ತಿತ್ತು. ಇಂದು ಎಲ್ಲ ಉದ್ಯೋಗಗಳೂ ಸಾಗುತ್ತಿರುವ ದಾರಿಯನ್ನು ನಮ್ಮ ಅಕ್ಕತಂಗಿಯರು ಅಂದೇ ತುಳಿದಿದ್ದರು ಎನ್ನಬಹುದು.

1973 ಮತ್ತು 1974

ನಮ್ಮ ವಲಸೆಯ ಚರಿತ್ರೆಯಲ್ಲಿ ಎರಡು ತಾರೀಖುಗಳು ಅಕ್ಕಪಕ್ಕ ನಿಲ್ಲುತ್ತವೆ. 1973ರ ಅಕ್ಟೋಬರ್ ಯುದ್ಧದ ನಂತರ ಕೆಲವೇ ತಿಂಗಳಲ್ಲಿ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು. ಗೇಣಿಗೆ ಕೊಟ್ಟಿದ್ದ ಭೂಮಿ ಒಡೆಯರ ಕೈಬಿಟ್ಟಿತು, ಉಳುವವನಿಗೆ ಹಕ್ಕು ಬಂತು. ಭೂಮಿ ಕಳೆದುಕೊಂಡ ಮನೆಯ ಮಗನಿಗೆ ಸಂಬಳದ ಅಗತ್ಯ ಬಿತ್ತು. ಭೂಮಿ ಪಡೆದ ಮನೆಯ ಮಗನಿಗೆ ಓದುವ, ಊರು ಬಿಡುವ ಧೈರ್ಯ ಬಂತು. ಇಬ್ಬರೂ ಬೊಂಬಾಯಿಯ ಒಂದೇ ಸಾಲಿನಲ್ಲಿ ಪಾಸ್‌ಪೋರ್ಟ್ ಹಿಡಿದು ನಿಂತರು. 1982ರ ಜನವರಿಯಲ್ಲಿ ಆರಂಭವಾದ ಬೊಂಬಾಯಿ ಗಿರಣಿ ಮುಷ್ಕರ ಆ ಸಾಲನ್ನು ಇನ್ನಷ್ಟು ಉದ್ದ ಮಾಡಿತು.

ಬಹರೈನ್ 1971ರಲ್ಲಿ ಸ್ವತಂತ್ರವಾಗಿತ್ತು. ಅದೇ ವರ್ಷ ಆಲ್ಬಾ ಅಲ್ಯೂಮಿನಿಯಂ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1975ರಲ್ಲಿ ಲೆಬನಾನಿನ ಅಂತರ್ಯುದ್ಧದಿಂದ ಬೇರೆ ನೆಲೆ ಹುಡುಕುತ್ತಿದ್ದ ಬ್ಯಾಂಕುಗಳನ್ನು ಬಹರೈನ್ ಕೈಬೀಸಿ ಕರೆಯಿತು. 1977ರಲ್ಲಿ ಹಡಗು ದುರಸ್ತಿಯ ಆಸ್ರಿ ಕಟ್ಟೆ, 1986ರಲ್ಲಿ ಸೌದಿಗೆ ಸೇತುವೆ. ವೆಲ್ಡರು, ಮೇಸ್ತ್ರಿ, ಚಾಲಕ, ಅಡುಗೆಯವನಿಂದ ಹಿಡಿದು ಚಾರ್ಟರ್ಡ್ ಅಕೌಂಟೆಂಟ್ ತನಕ ಎಲ್ಲರಿಗೂ ಕೆಲಸ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂದು ನಾಲ್ಕು ಬ್ಯಾಂಕುಗಳನ್ನು ಹೆತ್ತ ಜಿಲ್ಲೆಯವರಿಗೆ ಲೆಕ್ಕದ ಕೆಲಸ ಹೊಸದಾಗಿರಲಿಲ್ಲ.

ಬೇಡಿಕೆ ಸಾವಿರಗಟ್ಟಲೆಗೆ ಏರಿದಾಗ ಭಾವನ ಶಿಫಾರಸು ಸಾಲದಾಯಿತು, ಏಜೆಂಟ್ ಹುಟ್ಟಿಕೊಂಡ. ಕೊಲ್ಲಿಯಿಂದ ಬಂದ ಕಂಪನಿಯವರು ಬೊಂಬಾಯಿಯ ಹೋಟೆಲುಗಳಲ್ಲಿ ಸಂದರ್ಶನ ನಡೆಸಿದರು. ವೆಲ್ಡರನಿಗೆ ಟ್ರೇಡ್ ಟೆಸ್ಟ್, ಟೈಪಿಸ್ಟನಿಗೆ ಸ್ಪೀಡ್ ಟೆಸ್ಟ್, ಎಲ್ಲರಿಗೂ ಮೆಡಿಕಲ್. ಏಜೆಂಟನ ಕೆಳಗೆ ಸಬ್ ಏಜೆಂಟ್, ಅವನ ಕೆಳಗೆ ಊರಿನಲ್ಲೊಬ್ಬ. ಪ್ರತಿಯೊಬ್ಬನ ಕೈ ದಾಟುವಾಗಲೂ ವೀಸಾದ ಬೆಲೆ ಏರಿತು. ಅಮ್ಮನ ಬಳೆ ಅಡವಿಗೆ ಹೋಯಿತು, ತೋಟದ ಪತ್ರ ಸೊಸೈಟಿಯಲ್ಲಿ ಕೂತಿತು. ಮೋಸಗಳು ಹೆಚ್ಚಿದಾಗ ಭಾರತ ಸರಕಾರ 1922ರ ಹಳೆಯ ಕಾಯಿದೆಯನ್ನು ಬದಿಗಿಟ್ಟು 1983ರಲ್ಲಿ ಹೊಸ ವಲಸೆ ಕಾಯಿದೆ ತಂದಿತು. ಏಜೆಂಟರ ನೋಂದಣಿ ಕಡ್ಡಾಯವಾಯಿತು, ಕಡಿಮೆ ಓದಿದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿ ಬೇಕೆಂಬ ನಿಯಮ ಬಂತು. ಕೊಲ್ಲಿ ಬಂದರುಗಳಿಗೆ ಜನರನ್ನು ಹೊತ್ತು ತರುತ್ತಿದ್ದ 'ದ್ವಾರಕಾ' ಹಡಗು 1982ರಲ್ಲೇ ಓಡಾಟ ನಿಲ್ಲಿಸಿತ್ತು. ಮುಂದೆ ವಿಮಾನವೇ ಗತಿ. 2006ರಲ್ಲಿ ಮಂಗಳೂರಿನಿಂದ ಕೊಲ್ಲಿಗೆ ನೇರ ವಿಮಾನ ಆರಂಭವಾದ ಮೇಲೆ ಬೊಂಬಾಯಿಯ ಕೋಣೆಯ ಪಾತ್ರವೂ ಮೆಲ್ಲನೆ ಮುಗಿಯಿತು.

ಕಾಗದದ ಕಾಲ

1990ರ ಆಗಸ್ಟಿನಲ್ಲಿ ಕುವೈತ್ ಬಿದ್ದಾಗ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಊರಿಗೆ ತಲುಪಿಸಬೇಕಾಯಿತು. ಕೊಲ್ಲಿಯ ಕೆಲಸ ಶಾಶ್ವತವಲ್ಲ ಎಂಬ ಪಾಠವನ್ನು ನಮ್ಮವರು ಆಗ ಕಲಿತರು. ನಂತರದ ದಶಕಗಳಲ್ಲಿ ಬದಲಾವಣೆ ಬೇಗ ಬೇಗ ಬಂದವು. ತನ್ನ ಪ್ರಜೆಗಳಿಗೆ ಮೊದಲು ಕೆಲಸ ಎಂಬ ನೀತಿಯನ್ನು ಬಹರೈನ್ ಬಿಗಿಗೊಳಿಸಿತು. ಇದರಲ್ಲಿ ತಪ್ಪು ಹುಡುಕುವ ಹಕ್ಕು ಅತಿಥಿಗಳಾದ ನಮಗಿಲ್ಲ. ಒಂದು ಕಾಲಕ್ಕೆ ನಮ್ಮವರ ಕೈಯಲ್ಲೇ ಇದ್ದ ಬ್ಯಾಂಕಿನ ಮತ್ತು ಕಚೇರಿಯ ಗುಮಾಸ್ತ ಕೆಲಸಗಳಲ್ಲಿ ಇಂದು ಓದಿದ ಬಹರೈನಿ ತರುಣ ತರುಣಿಯರಿದ್ದಾರೆ. ಟೈಪಿಂಗು, ಶಾರ್ಟ್‌ಹ್ಯಾಂಡುಗಳ ಮೆಟ್ಟಿಲನ್ನು ಕಂಪ್ಯೂಟರು ಕೆಡವಿತು. ಅದೇ ಕಂಪ್ಯೂಟರು ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಗಳ ಇಂಜಿನಿಯರನಿಗೆ ಭಾವನಿಲ್ಲದೆಯೂ ಇಲ್ಲಿಗೆ ಬರುವ ದಾರಿ ಮಾಡಿಕೊಟ್ಟಿತು. ಬೇಲಿ ಅಷ್ಟರ ಮಟ್ಟಿಗೆ ಸರಿಯಿತು.

2006ರಲ್ಲಿ ಕಾರ್ಮಿಕ ಮಾರುಕಟ್ಟೆಯ ನಿಯಂತ್ರಣಕ್ಕೆಂದೇ ಎಲ್.ಎಂ.ಆರ್.ಎ. ಎಂಬ ಪ್ರಾಧಿಕಾರ ರಚನೆಯಾಯಿತು. 2009ರಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆಯೂ ನೌಕರ ಬೇರೆ ಕಡೆ ಕೆಲಸಕ್ಕೆ ಹೋಗಬಹುದೆಂಬ ನಿಯಮ ಬಂತು. 2011ರಲ್ಲಿ ಅದಕ್ಕೆ ಒಂದು ವರ್ಷದ ಸೇವೆ ಆಗಿರಬೇಕೆಂಬ ಷರತ್ತು ಸೇರಿತು. 2017ರಲ್ಲಿ ಬಂದ ಫ್ಲೆಕ್ಸಿ ಪರವಾನಗಿ 2022ರಲ್ಲಿ ರದ್ದಾಗಿ ಬೇರೆ ನೋಂದಣಿ ವ್ಯವಸ್ಥೆ ಬಂತು. 2024ರ ಮಾರ್ಚಿನಿಂದ ವಿದೇಶೀ ನೌಕರರ ಸೇವಾಂತ್ಯದ ಹಣವನ್ನು ಮಾಲೀಕರು ತಿಂಗಳು ತಿಂಗಳು ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕಾಗಿದೆ. ವೈದ್ಯರು, ದಾದಿಯರು 2009ರ ಕಾನೂನಿನಂತೆ ರಚನೆಯಾದ ಎನ್.ಎಚ್.ಆರ್.ಎ.ಯ ಪರವಾನಗಿ ಪಡೆಯಬೇಕು. ಅದಕ್ಕೆ ಪರೀಕ್ಷೆಯೂ ಆಗಬೇಕು, ಓದಿದ ಕಾಲೇಜಿನಿಂದಲೇ ಸರ್ಟಿಫಿಕೇಟಿನ ಸತ್ಯಾಸತ್ಯತೆ ತಿಳಿಯುವ ತಪಾಸಣೆಯೂ ಆಗಬೇಕು. ಒಟ್ಟಿನಲ್ಲಿ, 'ನಾನು ಜವಾಬ್ದಾರ' ಎನ್ನುತ್ತಿದ್ದ ಮನುಷ್ಯನ ಜಾಗದಲ್ಲಿ ಈಗ ಕಾಗದ ಕೂತಿದೆ.

ಇಂದಿನ ರೋಗ, ಇಂದಿನ ಮದ್ದು

ಕಾಗದ ಪಕ್ಷಪಾತ ಮಾಡುವುದಿಲ್ಲ, ಇದು ಒಳ್ಳೆಯ ಮಾತೇ. ಆದರೆ ಕಾಗದಕ್ಕೆ ನಾಚಿಕೆಯೂ ಇಲ್ಲ. ಭಾವನಿಗೆ ಊರಿನ ಅಂಜಿಕೆಯಿತ್ತು. ಫೋನಿನಲ್ಲಿ ಮಾತ್ರ ಕೇಳಿದ ಏಜೆಂಟನಿಗೆ ಯಾರ ಅಂಜಿಕೆ? ಎದೆ ಹಿಡಿದಂತಾಗುತ್ತದೆ, ನಿದ್ದೆಯಿಲ್ಲ ಎಂದು ನಮ್ಮ ಬಳಿ ಬರುವ ಇಪ್ಪತ್ತೈದರ ಹುಡುಗರಲ್ಲಿ ಹಲವರ ಇ.ಸಿ.ಜಿ. ಸರಿಯಾಗಿಯೇ ಇರುತ್ತದೆ. ಸ್ವಲ್ಪ ಹೊತ್ತು ಕನ್ನಡದಲ್ಲಿ ಮಾತನಾಡಿಸಿದರೆ ನಿಜವಾದ ರೋಗ ಹೊರಬೀಳುತ್ತದೆ. ವೀಸಾಕ್ಕೆಂದು ಮಾಡಿದ ಸಾಲ, ಹೇಳಿದ್ದೊಂದು ಕೆಲಸ ಸಿಕ್ಕಿದ್ದೊಂದು ಕೆಲಸ, ಊರಿಗೆ ಹೇಳಲು ಬಾಯಿಲ್ಲ. ಇದಕ್ಕೆ ನಮ್ಮ ಔಷಧಾಲಯದಲ್ಲಿ ಮಾತ್ರೆಯಿಲ್ಲ. ಇನ್ನು ಕೆಲವರು ಊರಲ್ಲೇ ಸಾಲ ಮಾಡಿ ದುಡ್ಡು ಕಟ್ಟಿದ ಮೇಲೆ ಮೆಡಿಕಲ್ ಪರೀಕ್ಷೆಗೆ ಹೋಗುತ್ತಾರೆ. ಎಂದೋ ವಾಸಿಯಾದ ಕ್ಷಯದ ಕಲೆ ಎಕ್ಸ್‌ರೇಯಲ್ಲಿ ಕಂಡರೂ 'ಅನ್‌ಫಿಟ್' ಆಗುವ ಸಂಭವವಿದೆ. ಮೊದಲು ಸ್ವಂತವಾಗಿ ಪರೀಕ್ಷೆ ಮಾಡಿಸಿಕೊಂಡು, ಆಮೇಲೆ ಉಳಿದ ಮಾತು ಎಂಬುದು ವೈದ್ಯರಾಗಿ ನಮ್ಮ ಸಲಹೆ.

ಕೆಲಸ ಹುಡುಕುವ ತಮ್ಮ ತಂಗಿಯರು ಊರಲ್ಲಿರುವಾಗಲೇ ತಿಳಿಯಬೇಕಾದ ನಾಲ್ಕು ಮಾತುಗಳಿವೆ. ಕೆಲಸದ ಪರವಾನಗಿಗೆಂದು ನೌಕರನಿಂದ ಹಣ ಪಡೆಯುವುದು ಬಹರೈನಿನ 2006ರ ಕಾನೂನಿನಂತೆ ನಿಷಿದ್ಧ. ಭಾರತದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕಕ್ಕೆ ಸರಕಾರ 2017ರಲ್ಲಿ ಗೊತ್ತುಮಾಡಿದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಲಕ್ಷದ ಮಾತೆತ್ತಿದವನು ಕಾನೂನಿನ ಹೊರಗಿದ್ದಾನೆ ಎಂದೇ ತಿಳಿಯಬೇಕು. ಏಜೆಂಟನ ನೋಂದಣಿ ಸಂಖ್ಯೆಯನ್ನು ಭಾರತ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಕರಾರು ಪತ್ರದ ಪ್ರತಿ ಕೈಯಲ್ಲಿಲ್ಲದೆ ವಿಮಾನ ಹತ್ತಬಾರದು; ವಿಸಿಟ್ ವೀಸಾದಲ್ಲಿ ಬಂದು ಆಮೇಲೆ ನೋಡೋಣ ಎಂಬ ದಾರಿ 2024ರಿಂದ ಇನ್ನಷ್ಟು ಇಕ್ಕಟ್ಟಾಗಿದೆ.

ಈ ನಾಲ್ಕು ಮಾತನ್ನು ಹುಡುಗನಿಗೆ ಸಮಯಕ್ಕೆ ಸರಿಯಾಗಿ ಹೇಳುವವರು ಯಾರು? ಚರಿತ್ರೆ ನಮಗೆ ಕೇಳುತ್ತಿರುವ ಪ್ರಶ್ನೆ ಇದು. ಒಂದು ಕಾಲದಲ್ಲಿ ಬೊಂಬಾಯಿಯ ಸಂಘಗಳು ರಾತ್ರಿ ಶಾಲೆ ನಡೆಸಿದವು. ಮನಾಮದ ಕೋಣೆಗಳು ಹೊಸಬನಿಗೆ ಚಾಪೆ ಹಾಸಿಕೊಟ್ಟವು. ಆ ಕೆಲಸವನ್ನು ಇಂದು ಮಾಡಬಲ್ಲದ್ದು ಸಂಘ. ನಮ್ಮ ಸದಸ್ಯರಲ್ಲಿ ಲೆಕ್ಕಪರಿಶೋಧಕರಿದ್ದಾರೆ, ಇಂಜಿನಿಯರುಗಳಿದ್ದಾರೆ, ದಾದಿಯರಿದ್ದಾರೆ, ಕಂಪನಿಗಳಲ್ಲಿ ನೇಮಕಾತಿ ನೋಡಿಕೊಳ್ಳುವವರಿದ್ದಾರೆ. ತಿಂಗಳಿಗೊಂದು ಶುಕ್ರವಾರ ಇವರಲ್ಲಿ ಇಬ್ಬರು ಎರಡು ಗಂಟೆ ಕೂತು, ಊರಿನಿಂದ ಬಂದ ವೀಸಾ ಕಾಗದ ನಿಜವೋ ಸುಳ್ಳೋ ನೋಡಿ ಹೇಳಿದರೆ, ಅರ್ಜಿ ತಿದ್ದಿಕೊಟ್ಟರೆ, ಪರವಾನಗಿ ಪರೀಕ್ಷೆಗೆ ಓದುವ ತಂಗಿಗೆ ಹಳೆಯ ಅನುಭವ ತಿಳಿಸಿದರೆ ಸಾಕು. ಕಷ್ಟಕ್ಕೆ ಸಿಲುಕಿದವರಿಗೆ ರಾಯಭಾರ ಕಚೇರಿಯಿದೆ, 1999ರಿಂದ ಭಾರತೀಯ ಸಮುದಾಯ ಪರಿಹಾರ ನಿಧಿಯೂ ಇದೆ. ಆದರೆ ಅಲ್ಲಿಗೆ ಹೋಗುವ ಸ್ಥಿತಿ ಬರುವ ಮುನ್ನವೇ ಕನ್ನಡದಲ್ಲಿ ಒಂದು ಮಾತು ಸಿಗಬೇಕು. ಹಳೆಯ ಸರಪಳಿಯ ದೋಷ ಇದರಲ್ಲಿ ಇರಬಾರದು. ಯಾವ ಜಿಲ್ಲೆ, ಯಾವ ಜಾತಿ, ಯಾರ ಪೈಕಿ ಎಂದು ಕೇಳದೆ ಕನ್ನಡ ಆಡುವವರೆಲ್ಲ ನಮ್ಮವರೆಂದು ಬಗೆಯಬೇಕು.

ಇಂದು ಮೂರು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಈ ಪುಟ್ಟ ದ್ವೀಪದ ಉಪ್ಪು ಉಣ್ಣುತ್ತಿದ್ದಾರೆ. ಅವರಲ್ಲಿ ಕನ್ನಡಿಗರ ಮನೆಯ ದೀಪ ಆರದಂತೆ ನೋಡಿಕೊಂಡ ಹಿರಿಯರಿಗೆ ನಮ್ಮ ವಂದನೆಗಳು. ಹೊಸದಾಗಿ ಬರುವವರಿಗೆ 'ನಾವು ಜವಾಬ್ದಾರರು' ಎಂದು ಹೇಳುವ ಶಕ್ತಿಯನ್ನು ಭಗವಂತನು ನಮ್ಮ ಸಂಘಕ್ಕೆ ಕೊಡಲಿ, ಸಂಘವು ಇನ್ನೂ ನೂರು ಕಾಲ ಬಾಳಲಿ ಎಂದು ಹಾರೈಸುತ್ತೇವೆ.